ಇಂಕಾ ಗೋಡೆ ನೋಡುವುದು ಹೇಗೆ: ನನಗೆ ತಡವಾಗಿ ಹೊಳೆದಿದ್ದು

ಪೆರುವಿನ ಕುಸ್ಕೊ ಕಡೆ ಇಂಕಾ ಅವಶೇಷ ನೋಡಲು ಹೋಗುವವರಿಗಾಗಿ ಬರೆದಿದ್ದೇನೆ. ನನ್ನ ತಲೆಯಲ್ಲೂ ಗಟ್ಟಿಯಾಗಲಿ ಅಂತ. ರಾಜರ ಕಥೆ ಎಲ್ಲ ಕಡೆ ಸಿಗುತ್ತದೆ, ಬಿಡಿ.

ಎತ್ತರ

ಮಾಚು ಪಿಚ್ಚು ಬೆಟ್ಟದ ಮೇಲಿದೆ, ಹಾಗಾಗಿ ಅದೇ ಎಲ್ಲಕ್ಕಿಂತ ಎತ್ತರ ಅಂದುಕೊಂಡಿದ್ದೆ. ತಪ್ಪು. ಅದು ಸುಮಾರು 2,430 ಮೀಟರ್. ವಿಮಾನ ಇಳಿಯುವ ಕುಸ್ಕೊ ಊರೇ 3,400. ಇಳಿದ ದಿನವೇ 2,800 ಮೀಟರಿನ ಆಸುಪಾಸಿನ ಒಯಾಂತಾಯ್ತಾಂಬೊಗೆ ಹೋಗಿ ಉಳಿಯಿರಿ. ಕುಸ್ಕೊ ಕೊನೆಗಿರಲಿ. ಎತ್ತರಕ್ಕೆ ಬರುವ ತಲೆನೋವು ಕಮ್ಮಿ.

ಗಾರೆ ಇಲ್ಲದ ಸಂದು

ನಾನು ಒದ್ದಾಡಿದ್ದು ಇಲ್ಲಿ. ಕಬ್ಬಿಣದ ಉಳಿ ಇಲ್ಲ, ಗಾರೆ ಇಲ್ಲ, ಆದರೂ ಕುಸ್ಕೊದ ಹನ್ನೆರಡು ಮೂಲೆಯ ಕಲ್ಲು ಅಕ್ಕಪಕ್ಕದ ಕಲ್ಲುಗಳಿಗೆ ಅಂಟಿಕೊಂಡ ಹಾಗೆ ಕೂತಿದೆ. ಎರಡು ಕಲ್ಲನ್ನೂ ಬೇರೆ ಬೇರೆ ಅಳೆದು ಕೆತ್ತಿ ಆಮೇಲೆ ಜೋಡಿಸಿದರು ಅಂತ ನಾನು ಊಹಿಸಿದ್ದೆ. ಹಾಗೆ ಮಾಡಿದರೆ ಲೆಕ್ಕ ಎಲ್ಲಿ ಕೂಡುತ್ತದೆ?

1980ರ ದಶಕದಲ್ಲಿ ಜಾನ್-ಪಿಯರ್ ಪ್ರೋಟ್ಜನ್ ಎಂಬ ವಾಸ್ತುಶಿಲ್ಪದ ಪ್ರಾಧ್ಯಾಪಕರು ಸ್ವತಃ ಕಲ್ಲು ಕುಟ್ಟಿ ನೋಡಿದರು. ಅವರು ಹೇಳುವುದು ಇಷ್ಟು. ಮೇಲೆ ಬರುವ ಕಲ್ಲಿನ ತಳ ಮೊದಲು ಸಿದ್ಧವಾಗುತ್ತದೆ. ಅದನ್ನು ಕೆಳಗಿನ ಕಲ್ಲಿನ ಮೇಲೆ ಇಟ್ಟು ನೋಡುತ್ತಾರೆ, ಎತ್ತುತ್ತಾರೆ. ಕೆಳಗಿನ ಕಲ್ಲಿನ ಮೇಲೆ ಕುಟ್ಟಿದ ಪುಡಿ ಇರುತ್ತದಲ್ವಾ? ಎಲ್ಲಿ ತಾಗಿದೆಯೋ ಅಲ್ಲಿ ಪುಡಿ ಅದುಮಿಕೊಂಡಿರುತ್ತದೆ. ಅಲ್ಲಿ ಮಾತ್ರ ಕುಟ್ಟು. ಮತ್ತೆ ಇಡು, ಮತ್ತೆ ಎತ್ತು.

ಇನ್ನೊಮ್ಮೆ ಹೇಳುತ್ತೇನೆ, ನಾನೇ ಮೂರು ಸಲ ತಿರುವುಮುರುವು ಮಾಡಿಕೊಂಡೆ: ಕೊನೆಗೆ ಬದಲಾಗುವುದು *ಕೆಳಗಿನ* ಕಲ್ಲಿನ ನೆತ್ತಿ, ಮೇಲಿನದ್ದರ ತಳ ಅಲ್ಲ. ಮೇಲಿನ ಕಲ್ಲೇ ಅಚ್ಚು. ಗೋಡೆ ಕಳಚಿರುವ ಕಡೆ ಕೆಳಗಿನ ಕಲ್ಲಿನ ಮೇಲೆ ತಗ್ಗು ಕಾಣುತ್ತದೆ. ಅದು ಹೋದ ಕಲ್ಲಿನ ಗುರುತು. ಕುಸ್ಕೊ ಪಕ್ಕದ ಇಂಕಾ ಕೋಟೆ ಸಕ್ಸಾಯ್ವಾಮಾನಿನ ನೂರು ಟನ್ ದಾಟುವ ಬಂಡೆಗೂ ಹೀಗೇ ಮಾಡಿದರಾ ಅನ್ನುವುದರಲ್ಲಿ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ.

ಕಲ್ಲಿನ ಮುಖ ದಿಂಬಿನ ಹಾಗೆ ಉಬ್ಬಿರುವುದೂ ಸುಮ್ನೆ ಅಲಂಕಾರಕ್ಕಲ್ಲ. ಮುಖಕ್ಕೆ ದೊಡ್ಡ ಕುಟ್ಟುಗಲ್ಲು, ಅಂಚು ಒಡೆಯದಿರಲಿ ಅಂತ ಅಲ್ಲಿಗೆ ಸಣ್ಣದು. ಹತ್ತಿರ ಹೋಗಿ ನೋಡಿ: ನಡುವೆ ದಪ್ಪ ಗುಳಿ, ಅಂಚಿಗೆ ಬಂದಂತೆ ಸಣ್ಣ ಗುಳಿ.

ಉಳಿದದ್ದು

ಬಾಗಿಲು ಕೆಳಗೆ ಅಗಲ, ಮೇಲೆ ಕಿರಿದು. ಗೋಡೆ ಒಳಕ್ಕೆ ವಾಲಿರುತ್ತದೆ. ಭೂಕಂಪದ ನಾಡು, ಅರ್ಥವಾಗುತ್ತದೆ. 1950ರ ಕಂಪನದಲ್ಲಿ ಕುಸ್ಕೊದ ಸಾಂತೊ ದೊಮಿಂಗೊ ಚರ್ಚಿಗೆ ಭಾರಿ ಪೆಟ್ಟಾಯಿತು. ಅದರ ಬುಡದಲ್ಲಿದ್ದ ಇಂಕಾ ದೇವಸ್ಥಾನದ, ಅಂದರೆ ಕೊರಿಕಾಂಚಾದ, ಗೋಡೆ ನಿಂತಿತು.

ಒಯಾಂತಾಯ್ತಾಂಬೊದಲ್ಲಿ ಆರು ದೊಡ್ಡ ನಸುಗೆಂಪು ಬಂಡೆ ನೋಡಿ ಎಲ್ಲರೂ ವಾಪಸ್ ಇಳಿಯುತ್ತಾರೆ. ಅವು ಉರುಬಂಬಾ ನದಿಯ ಆಚೆ ದಡದ ಕ್ವಾರಿಯಿಂದ ಬಂದವು. ದಾರಿಯಲ್ಲೇ ಬಿಟ್ಟುಹೋದ ಬಂಡೆಗಳೂ ಇವೆ. ಅಲ್ಲಿನವರು ಅವನ್ನು ದಣಿದ ಕಲ್ಲುಗಳು ಅನ್ನುತ್ತಾರೆ.