ಶಿಕ್ಷೆಯ ದಿನ ಜಾಮೀನುದಾರ ಎಲ್ಲಿದ್ದಾನೆ?

"ವಕೀಲ ಸಾಹೇಬರೇ, ತೀರ್ಪು ಹೇಳಿಬಿಟ್ಟರಲ್ಲ, ಇನ್ನೇನು ಉಳಿದಿದೆ?" ಹಾವೇರಿಯ ನ್ಯಾಯಾಲಯದ ವರಾಂಡದಲ್ಲಿ ಒಬ್ಬ ತಂದೆ ಕೇಳಿದರು. ಹೊಲದ ಬದುವಿನ ಜಗಳದಲ್ಲಿ ಎದುರಿನವನ ಕೈಮೂಳೆ ಮುರಿದಿತ್ತು. ಮಗ ಅಪರಾಧಿ ಎಂದು ಮ್ಯಾಜಿಸ್ಟ್ರೇಟರು ಆಗಷ್ಟೇ ಹೇಳಿದ್ದರು.

ಉಳಿದದ್ದು ಬಹಳವಿತ್ತು. ಇಂಥ ಪ್ರಕರಣದಲ್ಲಿ ಅಪರಾಧಿ ಎಂದು ತೀರ್ಮಾನಿಸಿದ ಮೇಲೆ, ಶಿಕ್ಷೆಯ ಪ್ರಮಾಣದ ಬಗ್ಗೆ ಆತನ ಮಾತನ್ನು ನ್ಯಾಯಾಲಯ ಪ್ರತ್ಯೇಕವಾಗಿ ಕೇಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಹಕ್ಕನ್ನು ಉಳಿಸಿಕೊಂಡಿದೆ. ಆದರೆ ಆ ಗಳಿಗೆಯಲ್ಲಿ ಬಹಳ ಮಂದಿ ಕೈಮುಗಿದು, "ನಾನು ಹೊಡೆದೇ ಇಲ್ಲ ಸ್ವಾಮಿ" ಎನ್ನುತ್ತಾರೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಆ ಮಾತಿಗೆ ಜಾಗ ಮೇಲ್ಮನವಿಯಲ್ಲಿದೆ. ಈಗ ಬೇಕಾದದ್ದು ಹಿಂದೆ ಯಾವ ಪ್ರಕರಣವೂ ಇಲ್ಲ ಎಂಬ ಮಾತು, ಹಾಸಿಗೆ ಹಿಡಿದ ತಾಯಿಯ ಆಸ್ಪತ್ರೆ ಚೀಟಿ, ಗಾಯಾಳುವಿನ ಚಿಕಿತ್ಸೆಗೆ ಹಣ ಕೊಟ್ಟಿದ್ದರೆ ಅದರ ರಸೀದಿ. ಇವುಗಳ ಬಲದ ಮೇಲೆಯೇ 1958ರ ಪ್ರೊಬೇಷನ್ ಕಾಯ್ದೆಯಡಿ, ಜೈಲಿಗೆ ಕಳುಹಿಸದೆ ಸನ್ನಡತೆಯ ಬಾಂಡ್ ಬರೆಸಿಕೊಳ್ಳಿ ಎಂದು ನಾವು ಕೋರುವುದು. ತನಿಖೆ, ವಿಚಾರಣೆಯ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳು ಶಿಕ್ಷೆಯ ಅವಧಿಯಿಂದ ಕಡಿತವಾಗುತ್ತವೆ. ಅದರ ಲೆಕ್ಕವನ್ನೂ ಬರೆದುಕೊಂಡು ಬನ್ನಿ.

ಆ ಹುಡುಗನಿಗೆ ಎರಡು ವರ್ಷ ಸಜೆಯಾಯಿತು. ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷ ಮೀರದ ಶಿಕ್ಷೆಯಾದರೆ, ಮೇಲ್ಮನವಿ ಸಲ್ಲಿಸುವಷ್ಟು ಕಾಲ ಅದೇ ನ್ಯಾಯಾಲಯ ಆತನನ್ನು ಜಾಮೀನಿನ ಮೇಲೆ ಬಿಡಬಹುದು. ಅರ್ಜಿ ನನ್ನ ಕೈಯಲ್ಲೇ ಇತ್ತು, ಜಾಮೀನುದಾರ ಇರಲಿಲ್ಲ. ಸಂಜೆಯೊಳಗೆ ಆತ ಬರದಿದ್ದರೆ ಹುಡುಗ ಆ ರಾತ್ರಿ ಜೈಲಿನಲ್ಲಿ. ತೀರ್ಪಿನ ದಿನವೇ ಹೊಲದ ಉತಾರ (ಪಹಣಿ), ಆಧಾರ್ ಸಹಿತ ಒಬ್ಬರನ್ನು ಕರೆತನ್ನಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನ, ಸೆಷನ್ಸ್ ನ್ಯಾಯಾಲಯವೇ ವಿಚಾರಿಸಿ ಜೈಲು ಶಿಕ್ಷೆ ಕೊಟ್ಟಿದ್ದರೆ ಹೈಕೋರ್ಟಿಗೆ 60 ದಿನ. ನಮ್ಮ ಭಾಗದವರಿಗೆ ಧಾರವಾಡದಲ್ಲೇ ಪೀಠವಿದೆ. 2008ಕ್ಕೆ ಮೊದಲು ಬೆಂಗಳೂರಿಗೇ ಓಡಬೇಕಿತ್ತು. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ತಕ್ಷಣ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ.

ನಾಲ್ಕೂವರೆ ದಾಟಿತ್ತು. ಹುಡುಗನ ಸೋದರಮಾವ ಬೈಕಿನಲ್ಲಿ ಬಂದಿಳಿದರು, ಅಂಗಿಯ ಒಳಗೆ ಉತಾರ ಮಡಚಿಟ್ಟುಕೊಂಡು.