ಹೊಟ್ಟೆ ಕಿರಿದಾಯಿತು, ನಾಲಿಗೆ?

ರಾಗಿ ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಮುದ್ದೆ ಉಣ್ಣುವ ಸೀಮೆಯ ಮಕ್ಕಳು ಊಟದ ಬಗ್ಗೆ ಕಲಿಯುವ ಮೊದಲ ಪಾಠಗಳಲ್ಲಿ ಇದೊಂದು. ತುತ್ತು ಮುರಿ, ಸಾರಿನಲ್ಲಿ ಅದ್ದು, ಗುಳುಕ್ಕನೆ ಇಳಿಸು. 40 ವರ್ಷ ಹೀಗೇ ಉಂಡವರೊಬ್ಬರು ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡರು ಎನ್ನಿ. ಮನೆಗೆ ಹೊರಡುವಾಗ ಡಯಟೀಷಿಯನ್ ಕೈಗಿಡುವ ಹಾಳೆಯಲ್ಲಿ ಬೇರೆಯೇ ಪಾಠವಿರುತ್ತದೆ: ಪ್ರತಿ ತುತ್ತನ್ನೂ 20ರಿಂದ 30 ಸಲ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಊಟವಾದ ಮೇಲೂ ಅರ್ಧ ಗಂಟೆ ಕಾಯಬೇಕು. ಮೊದಲು ತಿಳಿ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಗಟ್ಟಿ ಊಟಕ್ಕೆ ಆರೆಂಟು ವಾರ. ಎಲ್ಲ ಸರಿ. ಆದರೆ ಪಕ್ಕದ ಮನೆಯಲ್ಲಿ ಬೋಂಡ ಕರಿಯುವ ವಾಸನೆ ಬಂದರೆ ಏನು ಮಾಡಬೇಕು?

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಮಾತುಗಳೇ ಇವೆ. ಹೊಟ್ಟೆಗಾಗುವುದು ಹಸಿವು, ಬಾಯಿಗಾಗುವುದು ಚಪಲ. ಸರ್ಜನ್‌ನ ಕತ್ತರಿ ತಲುಪುವುದು ಹೊಟ್ಟೆಯನ್ನು ಮಾತ್ರ. ವಿಚಿತ್ರವೆಂದರೆ, ಚಪಲವೂ ಅಷ್ಟಿಷ್ಟು ಬದಲಾಗುತ್ತದೆ. ಆದರೆ ಪೂರ್ತಿಯಾಗಿ ಅಲ್ಲ, ಯಾವಾಗಲೂ ಅಲ್ಲ.

ಇಂದು ಹೆಚ್ಚಾಗಿ ನಡೆಯುವ ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿ, ಬಾಳೆಹಣ್ಣಿನ ಆಕಾರದ ಕೊಳವೆಯಷ್ಟನ್ನು ಉಳಿಸುತ್ತಾರೆ. ಅದು ಹಿಡಿಯುವುದು 100ರಿಂದ 150 ಮಿಲಿ ಲೀಟರ್, ದರ್ಶಿನಿಯ ಒಂದು ಕಾಫಿ ಲೋಟದಷ್ಟು. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಇನ್ನೂ ಚಿಕ್ಕದು: ಸುಮಾರು 30 ಮಿಲಿಯ ಚೀಲವೊಂದನ್ನು ಮಾಡಿ ಅದನ್ನು ಸಣ್ಣಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಬೈ-ಟು ಕಾಫಿ ಕಂಡುಹಿಡಿದ ಊರಿನವರಿಗೆ ಅಳತೆಯ ಸಮಸ್ಯೆ ಇರಬಾರದು ನೋಡಿ. ಸಮಸ್ಯೆ ಇರುವುದು ತಲೆಯೊಳಗೆ.

ಕಡಿಮೆ ತಿಂದರೆ ತಲೆ ಏನು ಮಾಡುತ್ತದೆ ಎಂಬುದಕ್ಕೆ ಹಳೆಯ ಪುರಾವೆ ಅಮೆರಿಕದ ಮಿನ್ನೆಸೋಟದಲ್ಲಿದೆ. 1944-45ರಲ್ಲಿ ಏನ್ಸೆಲ್ ಕೀಸ್ ಎಂಬ ವಿಜ್ಞಾನಿ, ಒಪ್ಪಿ ಬಂದ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ಅವರಿಗೆ ಕನಸಿನಲ್ಲೂ ಊಟ. ಅಡುಗೆಯ ಗೀಳಿಲ್ಲದ ಗಂಡಸರು ಅಡುಗೆ ಪುಸ್ತಕ ಓದುತ್ತ ಕೂತರು, ತಟ್ಟೆ ನೆಕ್ಕಿದರು. ಡಯಟ್ ಮಾಡಿ ಸೋತವರನ್ನು ‘ಮನಸ್ಸು ಗಟ್ಟಿಯಿಲ್ಲ’ ಎಂದು ಜರಿಯುವವರು ಈ ಪ್ರಯೋಗವನ್ನು ಒಮ್ಮೆ ನೆನೆಯಬೇಕು.

ಇದರ ಹಿಂದಿನ ರಸಾಯನದ ಒಂದು ತುಂಡು 1999ರಲ್ಲಿ ಜಪಾನಿನಲ್ಲಿ ಸಿಕ್ಕಿತು. ಮಸಾಯಸು ಕೊಜಿಮಾ ಮತ್ತು ಕೆಂಜಿ ಕಂಗಾವಾ ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಊಟಕ್ಕೆ ಮೊದಲು ಅದು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. 2002ರಲ್ಲಿ ಸಿಯಾಟಲ್‌ನ ಡೇವಿಡ್ ಕಮ್ಮಿಂಗ್ಸ್ ಮತ್ತು ಸಂಗಡಿಗರು ಅಳೆದು ನೋಡಿದರು: ಬರೀ ಡಯಟ್‌ನಿಂದ 17% ತೂಕ ಇಳಿಸಿದವರ ಗ್ರೆಲಿನ್ 24% ಹೆಚ್ಚಿತ್ತು. ತೂಕ ಇಳಿದಷ್ಟೂ ದೇಹ ‘ಉಣ್ಣು ಉಣ್ಣು’ ಎಂದು ಕೂಗುತ್ತಿತ್ತು. ಬೈಪಾಸ್ ಆದವರಲ್ಲಿ ಮಾತ್ರ ಅದು ತೀರಾ ತಗ್ಗಿತ್ತು. ಸ್ಲೀವ್‌ನಲ್ಲಂತೂ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಜಠರದ ಮೇಲ್ಭಾಗವೇ ಹೊರಹೋಗಿರುತ್ತದೆ. ಜೊತೆಗೆ ಆಹಾರ ಬೇಗ ಕರುಳು ಸೇರುವುದರಿಂದ ‘ಸಾಕು’ ಎನ್ನುವ ಜಿಎಲ್‌ಪಿ-1ರಂಥ ಹಾರ್ಮೋನುಗಳು ಜೋರಾಗಿ ಹೊಮ್ಮುತ್ತವೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಬೈಪಾಸ್ ಆದವರಿಗೆ ಜಿಡ್ಡು-ಸಿಹಿ ತಿನಿಸಿನ ಚಿತ್ರ ತೋರಿಸಿದರೆ ಸುಖದ ಕೇಂದ್ರಗಳು ಅಷ್ಟಾಗಿ ಮಿಡಿಯಲಿಲ್ಲ. ಜಠರಕ್ಕೆ ಬರೀ ಪಟ್ಟಿ ಬಿಗಿಸಿಕೊಂಡವರಲ್ಲಿ ಹೆಚ್ಚು ಮಿಡಿದವು. ಇಬ್ಬರ ಹೊಟ್ಟೆಯೂ ಕಿರಿದೇ. ಹಾಗಾಗಿ ಗಾತ್ರವೊಂದೇ ಕಾರಣವಲ್ಲ.

ಮೊದಲ ವರ್ಷ ಇದೆಲ್ಲ ಜೊತೆಗೂಡಿ ನಡೆಯುತ್ತದೆ. ‘ಜಾಮೂನು ಎದುರಿಗಿದ್ದರೂ ಬೇಡ ಅನ್ನಿಸುತ್ತೆ’ ಎಂದು ಅನೇಕರು ಬೆರಗಾಗಿ ಹೇಳುತ್ತಾರೆ. ಆಮೇಲೆ ಚಪಲ ಮೆಲ್ಲಗೆ ಹೊಸ್ತಿಲು ದಾಟುತ್ತದೆ. ಇಂಥ ಆಪರೇಷನ್ ಆದವರನ್ನು ಕುರಿತು 1987ರಲ್ಲಿ ಶುರುವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲೂ ತೂಕ ಅತಿ ಕಡಿಮೆಯಾದದ್ದು ಒಂದೆರಡು ವರ್ಷಕ್ಕೆ. ನಂತರ ಸ್ವಲ್ಪ ಮರಳಿತು, ಆದರೂ ಹಳೆಯ ಮಟ್ಟ ಮುಟ್ಟಲಿಲ್ಲ. ಮರಳುವ ದಾರಿ ಬಹುಮಟ್ಟಿಗೆ ಮೆತ್ತಗಿನದು. ಚಪಾತಿ, ಗಟ್ಟಿ ಮಾಂಸ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಐಸ್‌ಕ್ರೀಮು, ಚಿಪ್ಸು, ಕಾಫಿಗೆ ಅದ್ದಿದ ಬಿಸ್ಕತ್ತು ಜಾರಿಕೊಂಡು ಹೋಗುತ್ತವೆ. ದಿನವಿಡೀ ಬಾಯಾಡಿಸುತ್ತಿದ್ದರೆ ಕಾಫಿ ಲೋಟದಷ್ಟು ಹೊಟ್ಟೆಯೂ ಎಷ್ಟು ಬೇಕಾದರೂ ಸಾಗಿಸಬಲ್ಲದು. ಬೈಪಾಸ್ ಆದವರು ಇನ್ನೊಂದು ವಿಷಯದಲ್ಲಿ ಎಚ್ಚರವಿರಬೇಕು: ಮದ್ಯ ಅವರ ರಕ್ತಕ್ಕೆ ಬಹಳ ಬೇಗ ಏರುತ್ತದೆ.

ಕೆಲವು ಬಯಕೆಗಳನ್ನು ಹತ್ತಿಕ್ಕುವುದಲ್ಲ, ಓದಿಕೊಳ್ಳಬೇಕು. ಬೈಪಾಸ್ ಆದವರೊಬ್ಬರು ಮೈಸೂರು ಪಾಕ್ ತಿಂದರೆ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ ಶುರುವಾಗಬಹುದು. ಸಕ್ಕರೆ ಏಕಾಏಕಿ ಕರುಳಿಗಿಳಿದು ನೀರನ್ನು ಎಳೆದುಕೊಳ್ಳುತ್ತದೆ, ಡಂಪಿಂಗ್ ಅನ್ನುತ್ತಾರೆ. ಇದಕ್ಕೆ ಹೆದರಿ ಸಿಹಿ ಬಿಟ್ಟವರೂ ಇದ್ದಾರೆ. ಇದರ ತಮ್ಮ ಹೆಚ್ಚು ಕಪಟಿ. ಒಂದರಿಂದ ಮೂರು ಗಂಟೆಯ ನಂತರ, ಸಕ್ಕರೆಯ ಹೊಡೆತಕ್ಕೆ ಉಕ್ಕಿದ ಇನ್ಸುಲಿನ್ ರಕ್ತದ ಸಕ್ಕರೆಯನ್ನು ತೀರಾ ಕೆಳಗೆ ತಳ್ಳುತ್ತದೆ. ಕೈ ನಡುಗುತ್ತದೆ, ಸಿಹಿ ಬೇಕೇಬೇಕು ಅನ್ನಿಸುತ್ತದೆ. ಆಗ ಸಿಹಿ ತಿಂದರೆ ನಡುಕ ನಿಲ್ಲುತ್ತದೆ, ಆದರೆ ಗಾಣ ಮತ್ತೊಂದು ಸುತ್ತು ತಿರುಗುತ್ತದೆ. ಇದನ್ನು ಚಪಲ ಎಂದು ಬೈದು ಪ್ರಯೋಜನವಿಲ್ಲ. ಹಿಂದಿನ ಊಟದಲ್ಲಿ ಸಕ್ಕರೆ ತಗ್ಗಿಸಿ ಪ್ರೋಟೀನ್ ಹೆಚ್ಚಿಸಬೇಕು, ಡಾಕ್ಟರಿಗೆ ತಿಳಿಸಬೇಕು.

ಐಸ್ ತುಂಡು ಕಡಿಯುವ ಆಸೆ ಇನ್ನೊಂದು. ಬಸುರಿಯರು ಮಣ್ಣು, ಬಳಪ ತಿನ್ನುವುದನ್ನು ನಾವು ಬಯಕೆ ಎಂದು ನಕ್ಕು ಬಿಡುತ್ತೇವೆ. ಆದರೆ ಐಸ್ ಜಗಿಯುವ ಗೀಳು ಹಲವು ಸಲ ಕಬ್ಬಿಣಾಂಶ ಕಡಿಮೆಯಾದುದರ ಗುರುತು. ಬೈಪಾಸ್‌ನಲ್ಲಿ ಕಬ್ಬಿಣ ಹೀರುವ ಕರುಳಿನ ಮೊದಲ ಭಾಗವೇ ದಾರಿಯಿಂದ ತಪ್ಪಿಹೋಗುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಕಬ್ಬಿಣ ತುಂಬಿಸಿದರೆ ಐಸ್ ಹುಚ್ಚು ತಾನಾಗಿ ಇಳಿಯುತ್ತದೆ. ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಗುಳಿಗೆಗಳೂ ಜೀವನಪೂರ್ತಿ. ಪದೇ ಪದೇ ವಾಂತಿಯಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿ1 ಖಾಲಿಯಾದರೆ ನರಗಳಿಗೇ ಪೆಟ್ಟು.

ಉಳಿದದ್ದು ಅಪ್ಪಟ ಚಪಲ, ಬೋಂಡದ್ದು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ ಮತ್ತು ಸಹೋದ್ಯೋಗಿಗಳ ವಾದ ನನಗೆ ಬಹಳ ಹಿಡಿಸಿತು: ಚಪಲ ಅಂದರೆ ಒಂದು ಚಿತ್ರ. ಬೋಂಡದ ಬಣ್ಣ, ಗರಿಗರಿ, ಚಟ್ನಿ, ಎಲ್ಲವನ್ನೂ ಮಿದುಳು ಒಳಪರದೆಯ ಮೇಲೆ ಬಿಡಿಸುತ್ತಿರುತ್ತದೆ. ಆ ಪರದೆಗೆ ಬೇರೆ ಕೆಲಸ ಕೊಟ್ಟರೆ? ಬೀಳುವ ಚೌಕಗಳನ್ನು ಜೋಡಿಸುವ ಟೆಟ್ರಿಸ್ ಎಂಬ ವಿಡಿಯೋ ಆಟವನ್ನು ಮೂರೇ ನಿಮಿಷ ಆಡಿಸಿದಾಗ ಚಪಲದ ತೀವ್ರತೆ ಸರಾಸರಿ 70%ರಿಂದ 56%ಕ್ಕೆ ಇಳಿಯಿತು. ಪವಾಡವೇನಲ್ಲ, ಆದರೆ ‘ಬೇಡ’ ಅನ್ನಲು ಅಷ್ಟು ಸಾಕಾಗಬಹುದು. ಅದೇ ತರ್ಕದಲ್ಲಿ ಚುಕ್ಕಿ ರಂಗೋಲಿಯೂ ನಡೆಯುತ್ತದೆಂದು ನನ್ನ ಊಹೆ.

ತಟ್ಟೆಯ ಲೆಕ್ಕ ಸರಳ, ಪಾಲನೆ ಕಷ್ಟ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ತಿಳಿಸಾರಿನಲ್ಲಿ ಹೆಸರಿಗಷ್ಟೇ. ಅದಕ್ಕೇ ಕಟ್ಟುಬೇಳೆ, ಮೊಸರು, ಪನೀರು, ಮೊಟ್ಟೆ, ಮೀನು ಮೊದಲು, ಪಲ್ಯ ಆಮೇಲೆ, ಅನ್ನ ಜಾಗ ಉಳಿದರೆ. ‘ಮೂರು ಹೊತ್ತು ಉಂಡವ ರೋಗಿ’ ಎಂಬ ಗಾದೆ ಇವರಿಗೆ ಅನ್ವಯಿಸದು. ಇವರು ಐದಾರು ಸಲ, ಚೂರುಚೂರೇ ಉಣ್ಣಬೇಕು.

ಕಷ್ಟ ಬರುವುದು ಮದುವೆ ಮನೆಯಲ್ಲಿ. ಪಂಕ್ತಿಯಲ್ಲಿ ಬೇಡ ಅಂದರೆ ಬಡಿಸುವವರಿಗೆ ಅದು ಸಂಕೋಚವಾಗಿ ಕೇಳಿಸುತ್ತದೆ, ಎಲೆಯಲ್ಲಿ ಬಿಟ್ಟರೆ ಹಿರಿಯರಿಗೆ ತಪ್ಪಾಗಿ ಕಾಣುತ್ತದೆ. ಎಲೆಯ ಮೇಲೆ ಮೊದಮೊದಲು ಬೀಳುವುದು ಕೋಸಂಬರಿ, ನೆನೆಸಿದ ಹೆಸರುಬೇಳೆ. ಅದನ್ನೇ ನಿಧಾನಕ್ಕೆ ಅಗಿಯುತ್ತ ಕೂತು, ಅನ್ನದ ಬುಟ್ಟಿ ಬಂದಾಗ ಎಲೆಗೆ ಅಂಗೈ ಅಡ್ಡ ಹಿಡಿದು, ಹೋಳಿಗೆಯ ಅಂಚೊಂದನ್ನು ಪಕ್ಕದವರ ಎಲೆಯಿಂದ ಕೇಳಿ ಪಡೆಯುವವರನ್ನು ನೀವು ಕಂಡರೆ, ‘ಇನ್ನೊಂದು ಹಾಕ್ಕೊಳ್ಳಿ, ಏನಾಗಲ್ಲ’ ಅನ್ನಬೇಡಿ. ಆಗುತ್ತದೆ.