ನೆಲಮಾಳಿಗೆಯಲ್ಲಿ ಹುದುಗುವ ಬಿಯರ್: ವಿಕ್ಟೋರಿಯಾ ಕಾಲದ ಪಬ್‌ಗಳು ಉಳಿದುಬಂದ ಬಗೆ

ಲಿವರ್‌ಪೂಲ್ ನಗರದ ಹೋಪ್ ಸ್ಟ್ರೀಟ್‌ನಲ್ಲಿ, ಫಿಲ್‌ಹಾರ್ಮೋನಿಕ್ ಸಂಗೀತ ಸಭಾಂಗಣದ ಹತ್ತಿರ, ಅದೇ ಹೆಸರನ್ನು ಹೊತ್ತ ಪಬ್ ಒಂದಿದೆ. ರಾಬರ್ಟ್ ಕೇನ್ ಅವರ ಬಿಯರ್ ಕಂಪನಿಗಾಗಿ ವಾಸ್ತುಶಿಲ್ಪಿ ವಾಲ್ಟರ್ ಥಾಮಸ್ 1898ರಿಂದ 1900ರ ನಡುವೆ ಕಟ್ಟಿದ ಈ ಮನೆಯ ಬಾಗಿಲಲ್ಲಿ ಕಬ್ಬಿಣ ಮತ್ತು ತಾಮ್ರದ ಕುಸುರಿಯಿದೆ. ಒಳಗೆ ಮಹಾಗನಿ ಮರದ ಹಲಗೆಗಳು, ತಾಮ್ರದ ತಗಡಿನಲ್ಲಿ ಉಬ್ಬಿಸಿ ಮೂಡಿಸಿದ ಚಿತ್ರಗಳು, ಬಣ್ಣದ ಗಾಜು, ಮೊಸಾಯಿಕ್ ಹೊದಿಸಿದ ಕೌಂಟರ್ ಇವೆ. ಗಂಡಸರ ಶೌಚಾಲಯ ಕೂಡ ಗುಲಾಬಿ ಬಣ್ಣದ ಅಮೃತಶಿಲೆಯದು. ಇಂತಹ ಕಟ್ಟಡಗಳು ಏಕೆ ಎದ್ದವು, ಅವುಗಳಲ್ಲಿ ಹೆಚ್ಚಿನವು ಏಕೆ ಹಾಳಾದವು, ಕೆಲವಾದರೂ ಹೇಗೆ ಉಳಿದವು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಅಲ್ಲಿ ಲೋಟಕ್ಕೆ ಬೀಳುವ ಬಿಯರ್‌ನಿಂದಲೇ ಆರಂಭಿಸಬೇಕಾಗುತ್ತದೆ.

ಬ್ರಿಟನ್ನಿನಲ್ಲಿ 'ರಿಯಲ್ ಏಲ್' ಎಂದು ಕರೆಯುವ ಈ ಬಿಯರ್ ತಯಾರಿಕಾ ಘಟಕದಿಂದ ಹೊರಡುವಾಗ ಇನ್ನೂ ಪೂರ್ತಿ ಸಿದ್ಧವಾಗಿರುವುದಿಲ್ಲ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸ್ (ಕಹಿ ಕೊಡುವ ಹೂವು), ನೀರು ಮತ್ತು ಯೀಸ್ಟ್‌ನಿಂದ ತಯಾರಾದ ಅದನ್ನು, ಯೀಸ್ಟ್ ಇನ್ನೂ ಜೀವಂತವಾಗಿರುವಾಗಲೇ, ಪೀಪಾಯಿಗೆ ತುಂಬಿ ಪಬ್‌ಗೆ ಕಳಿಸುತ್ತಾರೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಪಾತ್ರೆಯೊಳಗೇ ಹುದುಗಿ ಉಕ್ಕುವಂತೆ, ಬಿಯರ್ ಆ ಪೀಪಾಯಿಯೊಳಗೇ ಎರಡನೆಯ ಬಾರಿ ಹುದುಗುತ್ತದೆ. ಅದರ ಮೆಲುವಾದ ನೊರೆ ಹುಟ್ಟುವುದು ಹೀಗೆ, ಹೊರಗಿನಿಂದ ಗಾಳಿ ತುಂಬಿ ಅಲ್ಲ. ಸುಮಾರು 12 ಡಿಗ್ರಿ ಸೆಲ್ಸಿಯಸ್ ತಂಪಿನ ನೆಲಮಾಳಿಗೆಯಲ್ಲಿ ಪೀಪಾಯಿಯನ್ನು ಅಡ್ಡ ಮಲಗಿಸಿ, ಅಲುಗದಂತೆ ಅಟ್ಟಣೆಯ ಮೇಲಿಟ್ಟು, ಮೇಲಿನ ಬಿರಡೆಗೆ ಸಣ್ಣ ರಂಧ್ರಗಳುಳ್ಳ ಮೆತ್ತನೆಯ ಮರದ ಬೆಣೆಯೊಂದನ್ನು ಹೊಡೆಯುತ್ತಾರೆ. ಆ ಬೆಣೆಯ ತುದಿಯಲ್ಲಿ ನೊರೆ ಗುಳುಗುಳು ಉಕ್ಕುತ್ತಿದ್ದರೆ ಒಳಗಿನ ಕೆಲಸ ಇನ್ನೂ ಮುಗಿದಿಲ್ಲ ಎಂದರ್ಥ. ಒರೆಸಿದ ಮೇಲೆ ನೊರೆ ಮತ್ತೆ ನಿಧಾನವಾಗಿ ಏಳತೊಡಗಿದಾಗ, ಇರುವ ಅನಿಲ ಹೊರಹೋಗದಂತೆ ಗಟ್ಟಿ ಮರದ ಬೆಣೆಯನ್ನು ಬಡಿದು, ಬಿಯರ್ ತಿಳಿಯಾಗಲು ಬಿಡುತ್ತಾರೆ. ತಿಳಿಯಾಗಿಸಲು ಬಹುಕಾಲದಿಂದ ಬಳಸುತ್ತ ಬಂದಿರುವುದು ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ. ಈಚೆಗೆ ಹಲವು ತಯಾರಕರು ಅದನ್ನು ಕೈಬಿಟ್ಟಿದ್ದಾರಾದರೂ, ನಮ್ಮ ಸಸ್ಯಾಹಾರಿ ಪ್ರವಾಸಿಗರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಒಮ್ಮೆ ಪೀಪಾಯಿ ತೆರೆದು ಬಿಯರ್ ಹೊರಗೆಳೆಯಲು ಶುರುಮಾಡಿದರೆ ಒಳಗೆ ಗಾಳಿ ಸೇರುತ್ತದೆ, ಸುಮಾರು ಮೂರು ದಿನಗಳಲ್ಲಿ ರುಚಿ ಕೆಡುತ್ತದೆ. ಸಾಮಾನ್ಯ ಪೀಪಾಯಿಯಾದ 'ಫರ್ಕಿನ್' 9 ಗ್ಯಾಲನ್ ಹಿಡಿಯುತ್ತದೆ, ಅಂದರೆ 72 ಪಿಂಟ್. ಇಷ್ಟನ್ನು ಅಷ್ಟು ದಿನಗಳಲ್ಲಿ ಖರ್ಚುಮಾಡುವಷ್ಟು ಜನ ಬರಬೇಕು, ನೆಲಮಾಳಿಗೆ ತಂಪಾಗಿರಬೇಕು, ಬೆಣೆ ಬದಲಿಸುವ ಹೊತ್ತನ್ನು ಬಲ್ಲ ಕೈ ಇರಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಬಿಯರ್ ಹುಳಿಯಾಗುತ್ತದೆ. ಕೌಂಟರಿನ ಮೇಲೆ ಕಾಣುವ ಉದ್ದ ಹಿಡಿಯ ಹ್ಯಾಂಡ್‌ಪಂಪ್ ಕೇವಲ ಅಲಂಕಾರವಲ್ಲ. ಪರಿಚಾರಕಿ ಅದನ್ನು ಎದೆಯತ್ತ ಎಳೆದಾಗ ಕೆಳಗಿನ ಪೀಪಾಯಿಯಿಂದ ಬಿಯರ್ ಕೈಬಲದಿಂದಲೇ ಮೇಲೇರಿ ಬರುತ್ತದೆ. ಲೋಟ ತುಂಬಲು ಎರಡು ಮೂರು ಎಳೆತ ಬೇಕು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದಕ್ಕೆ ವಿಶೇಷ ಹೆಸರೇನೂ ಇರಲಿಲ್ಲ, ಬಿಯರ್ ಎಂದರೆ ಇದೇ ಆಗಿತ್ತು. ಭಾರತಕ್ಕೆ ಹಡಗಿನಲ್ಲಿ ಬರುತ್ತಿದ್ದುದೂ ಹೀಗೆ ಜೀವಂತವಾಗಿದ್ದ ಬಿಯರೇ. ಲಂಡನ್ನಿನ ಹಾಡ್ಜ್‌ಸನ್ ಕುಟುಂಬದವರೂ, 1820ರ ದಶಕದಿಂದ ಬರ್ಟನ್ ಊರಿನ ತಯಾರಕರೂ ಹೆಚ್ಚು ಹಾಪ್ಸ್ ಹಾಕಿ ಕಳಿಸಿದ ಏಲ್, ತಿಂಗಳುಗಟ್ಟಲೆ ಕಡಲ ಪ್ರಯಾಣದಲ್ಲಿ ಪೀಪಾಯಿಯೊಳಗೇ ಹದಗೊಂಡು ಕಲ್ಕತ್ತ, ಮದರಾಸುಗಳನ್ನು ಮುಟ್ಟುತ್ತಿತ್ತು. ಇಂದು ಬೆಂಗಳೂರಿನ ಮೈಕ್ರೋಬ್ರೂವರಿಗಳ ಪಟ್ಟಿಯಲ್ಲಿ ಕಾಣುವ 'ಇಂಡಿಯಾ ಪೇಲ್ ಏಲ್' ಎಂಬ ಹೆಸರಿನ ಮೂಲ ಆ ವ್ಯಾಪಾರದಲ್ಲಿದೆ.

ಪಬ್‌ಗಳ ವೈಭವಕ್ಕೆ ಕಾರಣ ಕಾನೂನು. 1830ರ ಕಾಯ್ದೆಯೊಂದು ಎರಡು ಗಿನಿ ಶುಲ್ಕ ಕಟ್ಟಿದ ಯಾರು ಬೇಕಾದರೂ ಮನೆಯಲ್ಲೇ ಬಿಯರ್ ಮಾರಬಹುದೆಂದು ಅನುಮತಿಸಿತು. ಜಿನ್‌ ಚಟವನ್ನು ತಗ್ಗಿಸುವ ಉದ್ದೇಶ ಅದರ ಹಿಂದಿತ್ತು. ಸಾವಿರಾರು ಬಿಯರ್ ಅಂಗಡಿಗಳು ತಲೆಯೆತ್ತಿದವು. 1869ರಲ್ಲಿ ಸರ್ಕಾರ ಬಿಯರ್ ಮಾರಲು ಪರವಾನಗಿ ಕೊಡುವ ಅಧಿಕಾರವನ್ನು ಮತ್ತೆ ಮ್ಯಾಜಿಸ್ಟ್ರೇಟರ ಕೈಗೆ ಕೊಟ್ಟಿತು. ಮದ್ಯಪಾನ ವಿರೋಧಿ ಚಳವಳಿ ಬಲವಾಗಿದ್ದ ಆ ದಿನಗಳಲ್ಲಿ ಹೊಸ ಪರವಾನಗಿ ಸಿಗುವುದು ಕಷ್ಟವಾಯಿತು, ಇದ್ದ ಪರವಾನಗಿಯ ಬೆಲೆ ಏರಿತು. 1886ರಲ್ಲಿ ಗಿನ್ನೆಸ್ ಕಂಪನಿ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದ ಮೇಲೆ ಇತರ ತಯಾರಕರೂ ಅದೇ ದಾರಿ ಹಿಡಿದರು, ಬಂದ ಹಣದಿಂದ ಪಬ್‌ಗಳನ್ನು ಪೈಪೋಟಿಯಲ್ಲಿ ಕೊಂಡು, ಅಲ್ಲಿ ತಮ್ಮ ಬಿಯರ್ ಮಾತ್ರ ಮಾರುವ ಕಟ್ಟುಪಾಡು ಹಾಕಿದರು. ಇದು ಮರ್ಯಾದಸ್ಥರು ಬರುವ ಜಾಗ ಎಂದು ಮ್ಯಾಜಿಸ್ಟ್ರೇಟರಿಗೂ ಗಿರಾಕಿಗೂ ತೋರಿಸಲು ಅವರು ಅಮೃತಶಿಲೆ, ಕೆತ್ತಿದ ಗಾಜು, ಬಣ್ಣದ ಹೆಂಚುಗಳಿಗೆ ಹಣ ಸುರಿದರು. ಒಂದೇ ಸೂರಿನಡಿ ಕೂಲಿಕಾರರಿಗೆ ಒಂದು ಕೋಣೆ, ಸಿರಿವಂತರಿಗೆ ಇನ್ನೊಂದು, ಯಾರ ಕಣ್ಣಿಗೂ ಬೀಳಬಾರದವರಿಗೆ 'ಸ್ನಗ್' ಎಂಬ ಪುಟ್ಟ ಗೂಡು ಇದ್ದವು. ಕೌಂಟರಿನ ಮೇಲೆ ಮುಖದ ಎತ್ತರಕ್ಕೆ ತಿರುಗುವ ಗಾಜಿನ ಕಿರುಬಾಗಿಲುಗಳನ್ನೂ ಕೂರಿಸುತ್ತಿದ್ದರು, ಕುಡಿಯುವ ದೊಡ್ಡ ಮನುಷ್ಯರ ಮುಖ ಆಚೆಬದಿಯವರಿಗೆ ಕಾಣಬಾರದೆಂದು. ವರ್ಗಭೇದವನ್ನು ಇಷ್ಟು ಸುಂದರವಾಗಿ ಕೆತ್ತಿಟ್ಟ ಕಟ್ಟಡಗಳು ಕಡಿಮೆ. ಆ ಸೌಂದರ್ಯವನ್ನು ಮೆಚ್ಚುವಾಗ ಈ ಮಾತನ್ನೂ ನೆನೆಯಬೇಕು.

ಮೊದಲ ಮಹಾಯುದ್ಧ ಮಾರಾಟದ ಅವಧಿಯನ್ನು ಕತ್ತರಿಸಿತು; ಇಂಗ್ಲೆಂಡಿನಲ್ಲಿ ವಾರದ ದಿನಗಳ ಮಧ್ಯಾಹ್ನ ಪಬ್ ಮುಚ್ಚುವ ಕಡ್ಡಾಯ ನಿಯಮ 1988ರವರೆಗೂ ಉಳಿಯಿತು. ಆದರೆ ನಿಜವಾದ ಪೆಟ್ಟು ಬಿದ್ದದ್ದು 1960ರ ದಶಕದಲ್ಲಿ. ಕಂಪನಿಗಳು ಒಂದನ್ನೊಂದು ನುಂಗಿ ಕೊನೆಗೆ ಆರು ದೈತ್ಯ ಸಂಸ್ಥೆಗಳು ಮಾರುಕಟ್ಟೆಯ ಬಹುಪಾಲನ್ನು ಹಿಡಿದವು. ಊರೂರಿನ ನೆಲಮಾಳಿಗೆಗಳಲ್ಲಿ ನುರಿತ ಕೈಗಳನ್ನು ನಂಬಿ ಕೂರುವುದಕ್ಕಿಂತ, ಸೋಸಿ, ಪಾಶ್ಚೀಕರಿಸಿ, ಯೀಸ್ಟ್ ಸತ್ತ ಬಿಯರನ್ನು ಲೋಹದ 'ಕೆಗ್'ಗೆ ತುಂಬಿ, ಇಂಗಾಲದ ಡೈಆಕ್ಸೈಡ್ ಒತ್ತಡದಿಂದ ನಲ್ಲಿಗೆ ಹರಿಸುವುದು ಅವರಿಗೆ ಸಲೀಸಾಗಿತ್ತು. ಅದು ಕೆಡುವುದಿಲ್ಲ, ಎಲ್ಲ ಊರಲ್ಲೂ ಒಂದೇ ರುಚಿ. ವ್ಯಾಟ್ನೀಸ್ ಸಂಸ್ಥೆಯ 'ರೆಡ್ ಬ್ಯಾರಲ್' ಇದರ ಪ್ರಸಿದ್ಧ ಉದಾಹರಣೆ. ಇದೇ ಹೊತ್ತಿಗೆ ಹಳೆಯ ಪಬ್‌ಗಳ ಒಳಗೋಡೆಗಳನ್ನು ಒಡೆದು ಒಂದೇ ಹಜಾರ ಮಾಡುವ, ಮಹಾಗನಿ ಕಿತ್ತು ಫಾರ್ಮೈಕಾ ಹಾಕುವ ಕೆಲಸವೂ ಭರದಿಂದ ನಡೆಯಿತು. ಪೀಪಾಯಿಯ ಬಿಯರೂ ಹಳೆಯ ಕೋಣೆಗಳೂ ಒಟ್ಟಿಗೇ ಮರೆಯಾದದ್ದು ಕಾಕತಾಳೀಯವಲ್ಲ: ಪ್ರತಿ ಪಬ್‌ನ ವಿಶಿಷ್ಟತೆಯೂ ಆ ಸಂಸ್ಥೆಗಳ ಲೆಕ್ಕದಲ್ಲಿ ಖರ್ಚಿನ ಬಾಬತ್ತಾಗಿತ್ತು.

1971ರ ಮಾರ್ಚ್‌ನಲ್ಲಿ ಮೈಕೆಲ್ ಹಾರ್ಡ್‌ಮನ್, ಗ್ರಹಾಮ್ ಲೀಸ್, ಜಿಮ್ ಮೇಕಿನ್ ಮತ್ತು ಬಿಲ್ ಮೆಲ್ಲರ್ ಎಂಬ ನಾಲ್ವರು ಗೆಳೆಯರು ಐರ್ಲೆಂಡಿನ ಕೆರ್ರಿ ಪ್ರಾಂತ್ಯಕ್ಕೆ ರಜೆಗೆ ಹೋಗಿದ್ದಾಗ, ಅಲ್ಲಿನ ಬಾರ್ ಒಂದರಲ್ಲಿ ಕೂತು ಈ ಬಿಯರಿನ ರಕ್ಷಣೆಗೆ ಸಂಘ ಕಟ್ಟಿದರು. ಅದೇ ಇಂದು ಲಕ್ಷಕ್ಕೂ ಮೀರಿದ ಸದಸ್ಯರಿರುವ 'ಕ್ಯಾಮ್ರಾ' (ಕ್ಯಾಂಪೇನ್ ಫಾರ್ ರಿಯಲ್ ಏಲ್). 'ರಿಯಲ್ ಏಲ್' ಎಂಬ ಮಾತನ್ನು ಜನರ ಬಾಯಲ್ಲಿ ನೆಲೆಗೊಳಿಸಿದ್ದೂ ಈ ಸಂಘವೇ. ಇದಕ್ಕೆ ಮುನ್ನ, 1963ರಲ್ಲಿ ಹುಟ್ಟಿದ ಇನ್ನೊಂದು ಸಂಘ ಮರದ ಪೀಪಾಯಿಗಾಗಿ ಹೋರಾಡಿತ್ತು. ಪೀಪಾಯಿ ಮರದ್ದೋ ಲೋಹದ್ದೋ ಎಂಬುದನ್ನು ಬದಿಗಿಟ್ಟು, ಒಳಗಿನ ಬಿಯರ್ ಹುದುಗುತ್ತಿದೆಯೇ ಎಂದಷ್ಟೇ ಕೇಳಿದ್ದು ಕ್ಯಾಮ್ರಾದ ಜಾಣತನ. ಅದು 1974ರಿಂದ ಒಳ್ಳೆಯ ಬಿಯರ್ ಸಿಗುವ ಪಬ್‌ಗಳ ಕೈಪಿಡಿಯನ್ನು ಪ್ರಕಟಿಸುತ್ತ ಬಂದಿದೆ. 1989ರಲ್ಲಿ ಸರ್ಕಾರ ದೊಡ್ಡ ತಯಾರಕರ ಪಬ್‌ ಹಿಡಿತಕ್ಕೆ ಮಿತಿ ಹಾಕಿ, ಅವರ ಪಬ್‌ಗಳಲ್ಲಿ ಹೊರಗಿನ ಒಂದು ಪೀಪಾಯಿ ಏಲ್ ಮಾರುವ ಹಕ್ಕನ್ನು ನಡೆಸುವವರಿಗೆ ಕೊಟ್ಟಿತು. ತಯಾರಕರು ಪಬ್‌ಗಳನ್ನೇ ಮಾರಿಬಿಟ್ಟರು. ಕೊಂಡವರಲ್ಲಿ ಅನೇಕರು ಸಾಲದ ಮೇಲೆ ನಿಂತ ಆಸ್ತಿ ಕಂಪನಿಗಳು. ಒಡೆತನ ಬದಲಾಯಿತು, ಬಾಡಿಗೆಯ ಹೊರೆ ಇಳಿಯಲಿಲ್ಲ.

1990ರ ದಶಕದಲ್ಲಿ ಕ್ಯಾಮ್ರಾ ಒಳಾಂಗಣ ಕೆಡದೆ ಉಳಿದ ಪಬ್‌ಗಳ ರಾಷ್ಟ್ರೀಯ ಪಟ್ಟಿ ಮಾಡಿದಾಗ, ಹತ್ತಾರು ಸಾವಿರ ಪಬ್‌ಗಳ ನಾಡಿನಲ್ಲಿ ಕೆಲವು ನೂರು ಮಾತ್ರ ಸಿಕ್ಕವು. ಬಿಯರಿಗಾಗಿ ಹುಟ್ಟಿದ ಸಂಘ ಕಟ್ಟಡಗಳ ಲೆಕ್ಕಕ್ಕೆ ಇಳಿದದ್ದು ಸಹಜವೇ ಆಗಿತ್ತು, ಏಕೆಂದರೆ ಪೀಪಾಯಿಗೆ ನೆಲಮಾಳಿಗೆಯೂ ನಿತ್ಯದ ಗಿರಾಕಿಗಳೂ ಬೇಕು, ಆ ಗಿರಾಕಿಗಳು ಬರುವುದು ಪಬ್ ಮನೆಯಂತಿದ್ದಾಗ.

2020ರ ಫೆಬ್ರುವರಿಯಲ್ಲಿ ಫಿಲ್‌ಹಾರ್ಮೋನಿಕ್ ಪಬ್‌ಗೆ ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವೆಂಬ ಮಾನ್ಯತೆ ಸಿಕ್ಕಿತು. ಮರುತಿಂಗಳು 20ರಂದು, ಕೊರೊನಾ ಹಿನ್ನೆಲೆಯಲ್ಲಿ, ದೇಶದ ಎಲ್ಲ ಪಬ್‌ಗಳನ್ನೂ ಮುಚ್ಚುವ ಆದೇಶ ಬಂತು. ಗೋಡೆಗಳಿಗೆ ಏನೂ ಆಗಲಿಲ್ಲ. ಆದರೆ ಇಂಗ್ಲೆಂಡಿನ ನೆಲಮಾಳಿಗೆಗಳಲ್ಲಿ ಬೆಣೆ ಹೊಡೆದು ಸಿದ್ಧವಾಗಿದ್ದ ಬಿಯರ್ ಕಾಯುವಂಥದ್ದಾಗಿರಲಿಲ್ಲ. ಅಪಾರ ಪ್ರಮಾಣದಲ್ಲಿ ಅದನ್ನು ಚರಂಡಿಗೆ ಸುರಿಯಬೇಕಾಯಿತು. ಜುಲೈ 4ರಂದು ಬಾಗಿಲು ತೆರೆಯಲು ಅನುಮತಿ ದೊರೆತಾಗ, ಪಬ್ ನಡೆಸುವವರು ಮೊದಲು ಪಂಪಿನ ಕೊಳವೆಗಳನ್ನು ತೊಳೆದು, ಹೊಸ ಪೀಪಾಯಿಗಳನ್ನು ಇಳಿಸಿ, ಅವು ತಿಳಿಯಾಗುವವರೆಗೆ ಕಾದರು.